ನೀರು ಬಸಿದು ಹೋಗುವ ಮಣ್ಣು

ನಾನು ಓದಿದ್ದು ಮೂರನೇ ಇಯತ್ತೆ. ಪೆನ್ನು ಹಿಡಿದರೆ ಬೆರಳು ನೋಯುತ್ತವೆ. ಆದರೂ ಆ ಚಳಿಗಾಲದ ಸಂತೋಷವನ್ನು ಬಾಯಿಂದ ಹೇಳಿ ಹೇಳಿ ಮನೆಯವರ ಕಿವಿ ದಣಿದಿವೆ, ನಾನು ಶುರು ಮಾಡಿದರೆ ಸಾಕು, ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಈಗ ಕಾಗದಕ್ಕೆ ಹೇಳುತ್ತೇನೆ. ಕಾಗದ ಎದ್ದು ಹೋಗುವುದಿಲ್ಲ.

ಮಗಳ ಎರಡನೇ ಬಾಣಂತನಕ್ಕೆಂದು ನಾನು ಬಹ್ರೇನಿಗೆ ಹೋಗಿದ್ದೆ. ರಿಫಾದಲ್ಲಿ ಅವರದೊಂದು ಬಾಡಿಗೆ ಮನೆ, ಹಿಂದುಗಡೆ ಗೋಡೆ ಸುತ್ತಿದ ಸಣ್ಣ ಅಂಗಳ. ಅಳಿಯ ಅಲ್ಲೇ ಅಸ್ಕರ್ ಎಂಬ ಊರಿನ ಕಡೆಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಇಂಜಿನಿಯರು. ದೊಡ್ಡ ಮೊಮ್ಮಗಳು ಆಗ ಮೂರನೇ ಕ್ಲಾಸು, ಅಂದರೆ ನಾನು ಬಿಟ್ಟುಬಂದ ಕ್ಲಾಸಿನಲ್ಲೇ ಆಕೆ ಕುಳಿತಿದ್ದಳು. ನಾನು ಹೋದ ವಾರದಲ್ಲೇ ಮೊಮ್ಮಗ ಹುಟ್ಟಿದ. ಎಣ್ಣೆ ಹಚ್ಚಿ ಎರೆದು, ಹೊಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಬೆಲ್ಲದ ಅಚ್ಚಿನ ಹಾಗೆ ಕಾಣುತ್ತಿದ್ದ. ನನ್ನ ದೃಷ್ಟಿಯೇ ತಾಗೀತು ಎಂದು ದಿನಾ ನಾನೇ ನಿವಾಳಿಸುತ್ತಿದ್ದೆ.

ಒಂದೇ ಒಂದು ಚಿಂತೆ. ಅಕ್ಕ ಎನ್ನಿಸಿಕೊಂಡವಳು ತಮ್ಮನನ್ನು ಮುಟ್ಟುತ್ತಿರಲಿಲ್ಲ. ದೂರ ನಿಂತು ನೋಡುತ್ತಿದ್ದಳು, ಕೈ ಎರಡೂ ಬೆನ್ನ ಹಿಂದೆ. ತೊಡೆಯ ಮೇಲೆ ಕೊಡುತ್ತೇನೆ ಬಾ ಎಂದರೆ ಓಡಿಹೋಗುತ್ತಿದ್ದಳು. ಹೊಟ್ಟೆಕಿಚ್ಚು, ತಾನೇ ಹೋಗುತ್ತದೆ ಎಂದು ಅಳಿಯ ನಕ್ಕರು. ನನಗೆ ಹಾಗೆ ಅನ್ನಿಸಲಿಲ್ಲ. ಹೊಟ್ಟೆಕಿಚ್ಚಿನ ಕೂಸು ಅಷ್ಟು ಆಸೆಯಿಂದ ನೋಡುವುದಿಲ್ಲ.

ಒಂದು ಮಧ್ಯಾಹ್ನ ಮಗಳು ಮಲಗಿದ್ದಳು. ಹುಡುಗಿ ಸೋಫಾದ ಮೇಲೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದಳು. ನಾನು ಹತ್ತಿರ ಹೋಗಿ ತಲೆ ನೇವರಿಸುತ್ತ ಕೇಳಿದೆ.

"ಯಾಕವ್ವಾ, ತಮ್ಮ ಬ್ಯಾಡೇನು ನಿನಗ?"

"ಬೇಕು ಅಜ್ಜಿ. ಆದ್ರ ನನ್ನ ಹ್ಯಾಂಡ್ ಚಲೋ ಇಲ್ಲ. ನಾ ಟಚ್ ಮಾಡಿದ್ದು ಎಲ್ಲಾ ಸಾಯ್ತಾವ. ಅವಾ ಭಾಳ ಸಣ್ಣಾವ ಇದ್ದಾನ."

ಪಕ್ಕದಲ್ಲೇ ಕುಳಿತುಕೊಂಡೆ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಹಿಂದಿನ ವರ್ಷ ಅಂಗಳದಲ್ಲಿ ಆಕೆ ಎರಡು ಸಲ ಕೊತ್ತಂಬರಿ ಹಾಕಿದ್ದಳಂತೆ, ಎರಡು ಸಲವೂ ಹಳದಿಯಾಗಿ ಸತ್ತವಂತೆ. ನಿನಗ ಕೈಗುಣಾನೇ ಇಲ್ಲ ಬಿಡು ಎಂದು ತಾಯಿ ನಗೆಯಾಡಿದ್ದಳು. ಅದಾದ ಸ್ವಲ್ಪ ದಿನಕ್ಕೆ ಗಾಜಿನ ಡಬ್ಬಿಯಲ್ಲಿದ್ದ ಮೀನೂ ಸತ್ತಿತು. ತಾಯಿ ಆಡಿದ ಮಾತನ್ನು ಮರೆತಳು, ಕೂಸು ಮರೆಯಲಿಲ್ಲ.

ಕೈಗುಣದ ಮಾತು ಬಂದರೆ ನಮ್ಮೂರಲ್ಲಿ ನನ್ನ ಹೆಸರು ದೊಡ್ಡದು. ಬಿತ್ತುವ ದಿನ ಮೊದಲ ಹಿಡಿ ಕಾಳು ಹಾಕಲು ನೆರೆಹೊರೆಯವರು ನನ್ನನ್ನೇ ಕರೆಯುತ್ತಿದ್ದರು. ಅದಕ್ಕೇ ಒಂದು ಉಪಾಯ ಹೂಡಿದೆ: ಅದೇ ಜಾಗದಲ್ಲಿ ಮೆಂತ್ಯ ಬೆಳೆದು ತೋರಿಸುತ್ತೇನೆ, ಆಮೇಲೆ ನನ್ನ ಕೈಯ ಗುಣವನ್ನು ಆಕೆಯ ಕೈಗೆ ಒರೆಸಿ ಕೊಟ್ಟೆ ಎಂದು ಹೇಳಿದರಾಯಿತು. ಮಕ್ಕಳು ಇಂಥದ್ದನ್ನು ನಂಬುತ್ತಾರೆ.

ನಮ್ಮ ಸೀಮೆಯಲ್ಲಿ ಮಡಿ ಮಾಡುವ ಹಾಗೆಯೇ ಮಾಡಿದೆ. ನೆಲ ತಗ್ಗು ಮಾಡಿ, ಸುತ್ತ ಒಡ್ಡು ಏರಿಸಿ, ಬಿದ್ದ ನೀರು ಒಂದು ಹನಿಯೂ ಓಡಿಹೋಗದಂತೆ ಕಟ್ಟಿಹಾಕಿದೆ. ಮಳೆಗಾಗಿ ಬಾಯಿಬಿಡುವ ಊರಿನವಳು ನಾನು, ಮರಳುಗಾಡಿನಲ್ಲಿ ಇನ್ನೂ ಗಟ್ಟಿಯಾಗಿ ನೀರು ಹಿಡಿಯಬೇಕಲ್ಲ ಎಂದುಕೊಂಡೆ. ಕಾಳು ಹಾಕಿದೆ, ಬೆಳಿಗ್ಗೆ ಸಂಜೆ ನೀರು ಹನಿಸಿದೆ. ಹುಡುಗಿ ಬಾಗಿಲಲ್ಲೇ ನಿಂತು ನೋಡಿದಳು. ಮೆಂತ್ಯ ಎದ್ದಿತು, ಎರಡೆಲೆ ಬಿಟ್ಟಿತು, ಆಮೇಲೆ ಸೊರಗಿತು. ಕಿತ್ತು ನೋಡಿದರೆ ಬೇರು ಕೊಳೆತು ಕಂದಾಗಿದೆ. ಒಡ್ಡಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಸವಳು ಎದ್ದಿತ್ತು.

ಆಕೆ ಮೆಲ್ಲಗೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಅಜ್ಜಿ, ನಿನ್ನ ಕೈಯಾಗೂ ಸತ್ತಾವ?"

ನಾಚಿಕೆ ಬರಬೇಕಾದ ಹೊತ್ತು. ಆದರೆ ಅವಳ ಮುಖ ನೋಡಿದೆ, ಮೋಡ ಸರಿದ ಹಾಗೆ ಬೆಳಗುತ್ತಿತ್ತು. ನನ್ನ ಜನ್ಮದಲ್ಲಿ ಬೆಳೆ ಹೋಗಿದ್ದಕ್ಕೆ ಅಷ್ಟು ಸಂತೋಷಪಟ್ಟವಳಲ್ಲ ನಾನು.

"ಎಲ್ಲಾ ಸತ್ತಾವ ನೋಡವ್ವಾ, ಒಂದೂ ಉಳಿದಿಲ್ಲ. ಅಂದ್ರ ಇದು ಕೈಯ ತಪ್ಪಲ್ಲ."

"ಮತ್ತ ಯಾರದು?"

"ಮಣ್ಣಿಂದು. ಬಾ, ಅದನ್ನ ಕೇಳೋಣು."

ಅಗೆದೆವು. ಅಂದರೆ ನಾನು ಅಗೆದೆ, ಆಕೆ ನೋಡಿದಳು, ಕೈ ಇನ್ನೂ ಬೆನ್ನ ಹಿಂದೆಯೇ. ಗೇಣುದ್ದ ಇಳಿಯುವಷ್ಟರಲ್ಲಿ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತು. ಅಲ್ಲಲ್ಲಿ ತುಕ್ಕಿನ ಚುಕ್ಕೆ, ಕಟ್ಟಿದ ಗಟಾರದ ವಾಸನೆ. ಇನ್ನೂ ಕೆಳಗೆ ಠಣ್ ಎಂದಿತು. ಮನೆ ಕಟ್ಟಿದವರು ಉಳಿದ ಸಿಮೆಂಟನ್ನೆಲ್ಲ ಅಲ್ಲೇ ಸುರಿದು ಮಣ್ಣು ಮುಚ್ಚಿದ್ದರು. ಮೇಲೆ ಹಾಕಿದ ನೀರು ಅಲ್ಲಿ ನಿಂತು ಜವಳು ಹಿಡಿದಿತ್ತು. ನಾನು ಒಡ್ಡು ಕಟ್ಟಿ ಅದನ್ನು ಇನ್ನಷ್ಟು ನಿಲ್ಲಿಸಿದ್ದೆ. ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿದೆ, ಉಪ್ಪು. ಕಿಟಕಿಯಿಂದ ಮಗಳು ಕಂಡು, ಬಾಣಂತಿಯ ಅವ್ವ ಮಣ್ಣು ತಿನ್ನೋದು ಎಲ್ಲಿ ಪದ್ಧತಿ ಎಂದು ಬೈದಳು.

ಹುಡುಗಿ ಒಳಗೆ ಓಡಿ ಶಾಲೆಯ ಲೈಬ್ರರಿಯ ಚಿತ್ರದ ಪುಸ್ತಕ ತಂದಳು. ಅದರಲ್ಲಿ ಯಾವುದೋ ದೂರದ ದೇಶದ ಹುಲ್ಲುಬಯಲು. ಕಣ್ಣು ಹಾಯುವವರೆಗೂ ಸಪಾಟು ನೆಲ, ಅದನ್ನು ಉತ್ತು ಗೋಧಿ ಬೆಳೆಯುತ್ತಾರಂತೆ. ಅರ್ಧ ಪುಟದಲ್ಲಿ ನೆಲವನ್ನು ಕಡುಬಿನ ಹಾಗೆ ಕೊಯ್ದು ಒಳಗಿನದನ್ನು ತೋರಿಸಿದ್ದರು. ಆಕೆ ಇಂಗ್ಲಿಷಿನಲ್ಲಿ ಓದಿ, ತನಗೆ ಬಂದ ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಹೂಂಗುಟ್ಟಿದೆ. ಒಳ್ಳೆಯ ಮಣ್ಣು ಕೆಳಗಿನವರೆಗೂ ಒಂದೇ ಬಣ್ಣ ಇರುತ್ತದಂತೆ. ಹೌದವ್ವಾ, ನಮ್ಮ ಹಳ್ಳದ ಮೇಲಿನ ಹೊಲ ಹಾಗೇ ಇದೆ, ಆಳುದ್ದ ತೋಡಿದರೂ ಕಂದು ಬಣ್ಣ ಬಿಡುವುದಿಲ್ಲ, ಬೂದಿ ಚುಕ್ಕೆ ಕಂಡರೆ ಅಲ್ಲಿ ನೀರು ಕೂತಿದೆ ಎಂದೇ ಲೆಕ್ಕ, ಎಂದೆ. ಹಿಡಿದರೆ ಮುದ್ದೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕಂತೆ. ಹೌದು, ರವೆ ಉಂಡೆಯ ಹಾಗೆ. ಬೇರು ಆಳಕ್ಕೆ ಇಳಿಯುತ್ತದಂತೆ, ಎರೆಹುಳು ತೂತು ಕೊರೆದು ಗಾಳಿ ಆಡಿಸುತ್ತದಂತೆ. ಚಿತ್ರದಲ್ಲಿ ಹುಳು ಕಂಡು ಆಕೆ ಮುಖ ಸಿಂಡರಿಸಿದಳು, ನಾನು ಕೈಮುಗಿದೆ. ಮಳೆ ನಿಂತ ಮಾರನೇ ದಿನವೇ ಹೊಲದಲ್ಲಿ ಕಾಲಿಡಬಹುದಂತೆ. ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ನಮ್ಮ ತಗ್ಗಿನ ಎರೆಹೊಲದಲ್ಲಿ ಮಳೆಯಾದರೆ ನಾಲ್ಕಾರು ದಿನ ಎತ್ತು ಇಳಿಸುವ ಹಾಗಿಲ್ಲ, ಮೇಲಿನ ಹೊಲದಲ್ಲಿ ಮರುದಿನವೇ ಕುಂಟೆ ಹೊಡೆಯುತ್ತೇವೆ. ನೀರನ್ನು ಕುಡಿಯಬೇಕು, ಬೇಕಾದಷ್ಟು ಇಟ್ಟುಕೊಳ್ಳಬೇಕು, ಉಳಿದದ್ದನ್ನು ಕೆಳಗೆ ಬಿಟ್ಟುಕೊಡಬೇಕು, ಅದೇ ಮಣ್ಣಿನ ಹದ. ಯಾರೋ ಎಲ್ಲಿಯೋ ಕುಳಿತು ನಮ್ಮ ಹೊಲದ ಸುದ್ದಿ ಬರೆದಿದ್ದಾರೆ, ಅದನ್ನು ನನ್ನ ಮೊಮ್ಮಗಳು ನನಗೆ ಓದಿ ಹೇಳುತ್ತಿದ್ದಾಳೆ! ಆ ಮಧ್ಯಾಹ್ನ ಚಹಾ ಕುಡಿಯುವುದನ್ನೂ ಮರೆತಿದ್ದೆವು.

ಶುಕ್ರವಾರ ರಜೆ. ಅಳಿಯ ಲುಂಗಿ ಎತ್ತಿ ಕಟ್ಟಿ ಹಾರೆ ಹಿಡಿದರು. ಸಿಮೆಂಟಿನ ಹೆಂಟೆ ಒಡೆಯುತ್ತ, ಅತ್ತೀ, ಬಾಣಂತನಕ್ಕ ಬಂದೀರೋ ಬಾವಿ ತೋಡಾಕ ಬಂದೀರೋ ಎಂದು ಕೇಳಿದರು. ಎರಡೂ ಎಂದೆ. ನರ್ಸರಿಯಿಂದ ಉಪ್ಪಿಲ್ಲದ ಮಣ್ಣು ಬಂತು. ಅಲ್ಲಿ ಅದನ್ನು ಸಿಹಿ ಮಣ್ಣು ಎಂದೇ ಕೇಳಿ ತರುತ್ತಾರೆ, ಹೆಸರೇ ನನಗೆ ಹಬ್ಬದ ಹಾಗೆ ಕೇಳಿಸಿತು. ತಳಕ್ಕೆ ಜಲ್ಲಿ ಹಾಕಿ, ಮೇಲೆ ಮಣ್ಣು, ದಪ್ಪ ಮರಳು, ಕುರಿಗೊಬ್ಬರ ಕಲಸಿ, ಈ ಸಲ ತಗ್ಗು ಮಾಡದೆ ಮೊಣಕಾಲೆತ್ತರ ಏರಿಸಿದೆವು. ಒಂದು ಬಕೆಟ್ ನೀರು ಸುರಿದು ಮೂವರೂ ಬಗ್ಗಿ ನೋಡಿದೆವು. ಗುಳುಗುಳು ಎಂದು ಇಳಿದು ಹೋಯಿತು. ಮುಷ್ಟಿ ಕಟ್ಟಿದರೆ ಮುದ್ದೆ, ಬೆರಳು ತಾಗಿದರೆ ಉದುರು.

ಕಾಳಿನ ಬಟ್ಟಲು ಹುಡುಗಿಯ ಮುಂದೆ ಹಿಡಿದೆ. ಆಕೆ ಹಿಂದೆ ಸರಿದಳು.

"ನೀ ಮೊದಲ ಹಾಕು ಅಜ್ಜಿ."

"ನನ್ನ ಕೈ ಇಲ್ಲಿ ಸೋತೈತವ್ವಾ. ಈ ಊರಿನ ಮಣ್ಣಿಗೆ ಈ ಊರಾಗ ಬೆಳದ ಕೈ ಬೇಕು."

ಬಟ್ಟಲನ್ನೂ ಮಡಿಯನ್ನೂ ನೋಡಿದಳು. ಕೊನೆಗೆ ಒಂದು ಕೈ ಬೆನ್ನ ಹಿಂದಿನಿಂದ ಬಂತು. ಮೂರು ಬೆರಳಲ್ಲಿ ಮೆಂತ್ಯ ಎತ್ತಿ, ಸುಡುವ ಒಲೆಗೆ ಉಪ್ಪು ಹಾಕುವವರ ಹಾಗೆ ದೂರದಿಂದಲೇ ಚೆಲ್ಲಿ ಓಡಿದಳು.

ಮೆಂತ್ಯ ಬಂತು. ಎರಡೆಲೆಯ ಮೇಲೆ ಮೂರೆಲೆ ಬಂತು. ಶಾಲೆಯ ಬಸ್ಸಿಳಿದರೆ ಚೀಲ ಸಮೇತ ಅಂಗಳಕ್ಕೆ. ಆದರೂ ತಮ್ಮನ ಹತ್ತಿರ ಹೋಗಲಿಲ್ಲ. ಇನ್ನೂ ನೋಡೋಣ ಎನ್ನುವುದು ಅವಳ ಲೆಕ್ಕವೆಂದು ತಿಳಿದು ನಾನು ಒತ್ತಾಯ ಮಾಡಲಿಲ್ಲ.

ಆಮೇಲೆ ಮಳೆ ಬಂತು. ಅಲ್ಲಿ ಮಳೆ ಅಪರೂಪ, ಬಂದರೆ ರಸ್ತೆಯೇ ಕೆರೆ. ಸಂಜೆಯಿಂದ ಹೊಯ್ದಿತು. ಕಿಟಕಿಗೆ ಮೂಗು ಒತ್ತಿ ನಿಂತ ಹುಡುಗಿ ಊಟಕ್ಕೂ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಓಣಿಯಲ್ಲಿ ಕಾರುಗಳ ಅರ್ಧ ಚಕ್ರ ಮುಳುಗಿದೆ, ಎದುರಿನ ಕೋಲ್ಡ್ ಸ್ಟೋರ್ ಎನ್ನುವ ಕಿರಾಣಿ ಅಂಗಡಿಯವನು ಪ್ಯಾಂಟು ಮಡಚಿ ನೀರು ಬಳಿಯುತ್ತಿದ್ದಾನೆ. ಆಕೆ ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು, ಹಿಂದೆ ನಾನು. ಸುತ್ತಲೂ ನೀರು ನಿಂತಿತ್ತು. ಮಡಿಯ ಮೇಲೆ ಮಾತ್ರ ಒಂದು ಹನಿ ಇಲ್ಲ. ಮೆಂತ್ಯ ತೊಳೆದಿಟ್ಟ ಹಾಗೆ ಹಸಿರಾಗಿ ನಿಂತಿತ್ತು. ಆಕೆ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಮಣ್ಣಿಗೆ ಇಳಿಸಿದಳು, ಒಳಗೆ ಏನನ್ನೋ ಹುಡುಕುವವರ ಹಾಗೆ ಆಡಿಸಿದಳು.

ಎದ್ದು ಒಳಗೆ ಹೋದಳು. ಸಾಬೂನು ಹಚ್ಚಿ ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಸೋಫಾದ ಮೇಲೆ ಚಕ್ಕಂಬಟ್ಟಲು ಹಾಕಿ ಕುಳಿತು, ತೊಡೆಯ ಮೇಲೆ ದಿಂಬು ಇಟ್ಟುಕೊಂಡು ಹೇಳಿದಳು: "ಅಜ್ಜಿ, ಅವನ್ನ ಕೊಡು."

ಕೊಟ್ಟೆ. ಅವನು ಕಣ್ಣು ತೆರೆದು ನೋಡಿ, ಅಕ್ಕನ ಬೆರಳನ್ನು ಮುಷ್ಟಿಯಲ್ಲಿ ಹಿಡಿದ. ಉಗುರಲ್ಲಿ ಇನ್ನೂ ಮಣ್ಣಿತ್ತು. ಮಗಳು ಏನೋ ಹೇಳಲು ಬಾಯಿ ತೆರೆದಳು, ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ. ಅಷ್ಟರಲ್ಲಿ ಆ ಮಹಾರಾಯ ಅಕ್ಕನ ಫ್ರಾಕನ್ನೆಲ್ಲ ಒದ್ದೆ ಮಾಡಿದ. ಎತ್ತಿಕೊಳ್ಳಲು ಹೋದರೆ ಆಕೆ ನನ್ನ ಕೈ ಸರಿಸಿದಳು.

"ಇನ್ನೊಂಚೂರು ಇರ್ಲಿ, ಅಜ್ಜಿ. ಏನೂ ಆಗಂಗಿಲ್ಲ."

ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿಸಿತು. ಉಕ್ಕಲಿ ಎಂದು ಅಲ್ಲೇ ನಿಂತೆ.