ತೋಪಿಗೆ ಬೆನ್ನು ಹಾಕಿ ಕುಳಿತದ್ದು

ಎಂಟು ವರ್ಷ ನಾನು ಆದೋನಿಯ ಶಾಲೆಯೊಂದರಲ್ಲಿ ಮಕ್ಕಳಿಂದ ‘ವನದ ಸೊಬಗು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದ್ದೇನೆ. ಕೋಗಿಲೆ ಕೂಗಬೇಕು, ತಂಗಾಳಿ ಬೀಸಬೇಕು, ಝರಿಯೊಂದು ಜುಳುಜುಳು ಹರಿಯಬೇಕು. ಒಂದು ಬಿಟ್ಟರೂ ಒಂದು ಅಂಕ ಕಡಿತ. ಈಗ ಒಪ್ಪಿಕೊಂಡುಬಿಡುತ್ತೇನೆ, ಆ ಎಂಟು ವರ್ಷಗಳಲ್ಲಿ ನಾನು ಒಂದು ವನವನ್ನೂ ಕಂಡಿರಲಿಲ್ಲ. ಕಾಣಲು ಎಲ್ಲಿತ್ತು? ನಮ್ಮದು ಕಪ್ಪು ಮಣ್ಣಿನ ಎರೆ ಹೊಲಗಳ ಸೀಮೆ. ಹತ್ತಿ, ಜೋಳ, ಮತ್ತೆ ಹತ್ತಿ. ‘ಜಾಲಿ ಮರ ದಾಟಿ ಎಡಕ್ಕೆ ತಿರುಗಿ’ ಎಂದು ದಾರಿ ಹೇಳಿದರೆ, ಯಾವ ಜಾಲಿ ಎಂದು ಯಾರೂ ಕೇಳುವುದಿಲ್ಲ.

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಹಿಂದಿನ ಲಕ್ಷಣಕಾರರು ಪಟ್ಟಿ ಮಾಡಿಟ್ಟಿದ್ದಾರೆ. ಸಮುದ್ರ, ಪರ್ವತ, ಚಂದ್ರೋದಯ, ವನವಿಹಾರ ಎಲ್ಲ ಅದರಲ್ಲಿವೆ, ಎರೆ ಹೊಲ ಮಾತ್ರ ಇಲ್ಲ. ಆ ಮಹನೀಯರಲ್ಲಿ ಒಬ್ಬರಾದರೂ ಕೋಸಗಿ ಸ್ಟೇಷನ್ನಿನಲ್ಲಿ ಇಳಿದು ಸುತ್ತ ಒಮ್ಮೆ ಕಣ್ಣಾಡಿಸಿದ್ದರೆ ಹತ್ತೊಂಬತ್ತನೆಯದನ್ನು ಸೇರಿಸುತ್ತಿದ್ದರೋ ಏನೋ. ಸೇರಿಸಲಿಲ್ಲವಾದ್ದರಿಂದ ನಾನೂ ಪುಸ್ತಕವನ್ನೇ ನಂಬಿದೆ. ಮನುಷ್ಯನ ಮನಸ್ಸಿಗೆ ಬೇಸರವಾದರೆ ಮದ್ದು ಮರಗಳಲ್ಲಿದೆ ಎಂದು ತಿಳಿದುಕೊಂಡೆ.

ಬೇಸರವಾದದ್ದು ನನ್ನ ಹೆಂಡತಿ ಗಂಗವ್ವನಿಗೆ. ಆಕೆ ಕೋಸಗಿಯಾಚೆಯ ಹಳ್ಳಿಯವಳು, ಕುರಿ ಸಾಕುವ ಮನೆಯವಳು. ಮದುವೆಯ ಹಿಂದಿನ ದಿನದವರೆಗೂ ಹಿಂಡಿನ ಹಿಂದೆ ನಡೆದವಳು. ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವನಾದರೂ ಟ್ರೈನಿಂಗ್ ಮುಗಿಸಿ ಮಾಸ್ತರನಾಗಿ, ಇಕ್ಕಟ್ಟಾದ ಗಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದು, ದೊಡ್ಡ ಮನುಷ್ಯನಾಗಿದ್ದೆ. ಏಳು ತಿಂಗಳು ಸಂಸಾರ ಮಾಡಿದ ಮೇಲೆ ಒಂದು ಮುಂಜಾನೆ ಆಕೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು:

“ಅಮಾಸಿ ಕಳದ ಮ್ಯಾಲೆ ನಮ್ಮಣ್ಣ ಬರ್ತಾನ. ಅವನ ಕೂಡ ನನ್ನ ಊರಿಗೆ ಕಳಿಸಿಬಿಡ್ರಿ. ತಿರುಗಿ ಕರಿಯಾಕ ಬರಬ್ಯಾಡ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಇಲ್ಲಿ ನನಗ ಉಸಿರು ಕಟ್ಟತೈತಿ.”

ಜಗಳವಾಡಿದ್ದರೆ ಸಮಾಧಾನ ಹೇಳಬಹುದಿತ್ತು. ಸಿಟ್ಟಿಲ್ಲ ಎಂದವಳಿಗೆ ಏನು ಹೇಳುವುದು? ನನಗೆ ಆಕೆಯ ಮೇಲೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ಪಾಠ ಮಾತ್ರ ಟ್ರೈನಿಂಗಿನಲ್ಲಿ ಇರಲಿಲ್ಲ. ಹೀಗಾಗಿ ಆ ಭಾನುವಾರ ಎಮ್ಮಿಗನೂರಿನ ಹೆದ್ದಾರಿಯ ಪಕ್ಕದಲ್ಲಿ ಸರ್ಕಾರ ಬೆಳೆಸಿದ್ದ ತೋಪಿಗೆ ಕರೆದುಕೊಂಡು ಹೋದೆ. ಬೇವು, ಹುಣಸೆ, ಹೊಂಗೆ, ಜಾಲಿ ಒತ್ತಾಗಿ ಬೆಳೆದು ಕಾಡಿನಂತೆಯೇ ಇದೆಯೆಂದು ಊರೆಲ್ಲ ಹೊಗಳುತ್ತಿದ್ದ ಜಾಗ ಅದು.

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು, ಅಥವಾ ಓಡುವಂತೆ ನಟಿಸುತ್ತಿದ್ದವು. ಏರು ಬಂದಲ್ಲೆಲ್ಲ ನಾವು ಇಳಿದು ನಡೆದೆವು. ಕಾಡನ್ನು ಸುಟ್ಟುಕೊಂಡು ಕಾಡು ನೋಡಲು ಹೋದವರು ನಾವು. ತೋಪಿನ ಮುಂದೆ ಇಳಿದಾಗ ನನ್ನ ಬಿಳಿ ಅಂಗಿ ಯಾವ ಬಣ್ಣವೆಂದು ಹೇಳುವಂತಿರಲಿಲ್ಲ.

ಒಳಗೆ ಹೋದದ್ದೇ ನಾನು ಪಾಠ ಸುರುಮಾಡಿದೆ. ಈ ನೆರಳು ನೋಡು, ಈ ತಂಪು ನೋಡು, ಕೇಳು, ಹಕ್ಕಿ! ಗಂಗವ್ವ ‘ಹ್ಞೂಂ’ ಎನ್ನುತ್ತ ಬಗ್ಗಿ ಬಗ್ಗಿ ಉದುರಿದ ಜಾಲಿಕಾಯಿ ಆರಿಸಿ ಸೆರಗಿಗೆ ತುಂಬುತ್ತಿದ್ದಳು. ಕುರಿಗಳಿಗೆ ಅದೆಂದರೆ ಬಲು ಇಷ್ಟ. ಕಾವಲಿನ ಗಾರ್ಡು ಬಂದು, “ಏಮಮ್ಮಾ, ಸರ್ಕಾರದ ಮಾಲು ಆರಸ್ತೀರಿ? ನಿಮ್ಮ ಕುರಿ ಎಲ್ಲದಾವ?” ಎಂದು ಕೇಳಿದ. ಆಕೆ ಸೆರಗು ನೋಡಿಕೊಂಡಳು. ಆದೋನಿಯ ಗಲ್ಲಿಯಲ್ಲಿ ನಮಗೆ ಒಂದು ಕೋಳಿಯೂ ಇರಲಿಲ್ಲ. “ಮರತೆ” ಎಂದಳು. ಗಾರ್ಡು ಒಳ್ಳೆಯವನು, “ಇರಲಿ ತಗೋರಿ” ಎಂದು ಹೋದ.

ಊಟಕ್ಕೆ ನಾನು ಹುಣಸೆ ಮರದ ಕೆಳಗೆ, ಎಲ್ಲಕ್ಕಿಂತ ದಟ್ಟವಾದ ನೆರಳನ್ನು ಆರಿಸಿದೆ. ಆಕೆ ಐದು ನಿಮಿಷ ಕುಳಿತು ಮೇಲೆ ನೋಡಿದಳು, ಆಚೆ ಈಚೆ ನೋಡಿದಳು, ಬುತ್ತಿ ಗಂಟನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಬೇಲಿ ದಾಟಿ ರಸ್ತೆಯ ದಂಡೆಯಲ್ಲಿ, ಸುಡುಬಿಸಿಲಿನಲ್ಲಿ, ತೋಪಿಗೆ ಬೆನ್ನು ಹಾಕಿ ಹೊಲಗಳ ಕಡೆ ಮುಖಮಾಡಿ ಕುಳಿತು ಗಂಟು ಬಿಚ್ಚಿದಳು. ನಾನು ಕೊಡೆ ಹಿಡಿದು ಹಿಂದೆ ಓಡಿದೆ. ಎಂಟು ವರ್ಷ ವರ್ಣಿಸಿದ ವನವು ನನ್ನ ಬೆನ್ನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಕುರಿಹಿಂಡು ಬಂತು. ಗಂಗವ್ವ ಬಾಯಲ್ಲಿದ್ದ ರೊಟ್ಟಿ ನುಂಗುವ ಮೊದಲೇ ಕೂಗಿದಳು, “ಅಣ್ಣಾ, ಆ ಕರೇ ಕುರಿ ಹಿಂದಿನ ಕಾಲಾಗ ಮುಳ್ಳೈತಿ ನೋಡು!”

ಕುರಿಯವನು ಕಾಲು ಹಿಡಿದು ನೋಡಿ ಮುಳ್ಳು ತೆಗೆದ. “ತಂಗಿ ಕಣ್ಣು ಬಾಳ ಚುರುಕೈತಿ ಬಿಡ್ರಿ, ನಾ ಮುಂಜಾನಿಂದ ನೋಡಿದ್ದಿಲ್ಲ” ಎಂದ. ಜಾಲಿಕಾಯಿ ಅಲ್ಲೇ ಖರ್ಚಾಯಿತು. ಹಿಂಡು ಚುಕ್ಕೆಯಾಗುವವರೆಗೆ ಆಕೆ ನೋಡುತ್ತಿದ್ದಳು. ಏಳು ತಿಂಗಳಲ್ಲಿ ಕಾಣದ ನಗು ಆ ಮುಖದಲ್ಲಿತ್ತು.

“ಒಳಗ ತಂಪಿತ್ತಲ್ಲ, ಯಾಕ ಎದ್ದು ಬಂದಿ?” ಎಂದು ಕೇಳಿದೆ.

“ಅದೂ ನಮ್ಮ ಗಲ್ಲಿ ಇದ್ದಂಗೇ ಐತ್ರಿ, ಏನೂ ಕಾಣಂಗಿಲ್ಲ. ಯಾರು ಬಂದ್ರು, ಯಾರು ಹೋದ್ರು, ಮಳಿ ಯಾ ಕಡಿಂದ ಬರತೈತಿ, ಒಂದೂ ತಿಳಿಯಂಗಿಲ್ಲ. ನನಗ ಗಿಡ ಬ್ಯಾಡ್ರಿ. ಮಾಳಿಗಿಗೆ ಒಂದು ಏಣಿ ಹಾಕಿಸಿಕೊಡ್ರಿ.”

“ಏಣಿ ಹಾಕಿಸಿದ್ರ ಇರ್ತೀಯೇನು?”

“ನೋಡೋಣು.”

ಮಾಸ್ತರನ ಹೆಂಡತಿ ಮಾಳಿಗೆ ಹತ್ತಿ ಚಾವಣಿಯ ಮೇಲೆ ನಿಂತರೆ ಜನ ಏನೆಂದಾರು ಎಂಬ ಯೋಚನೆ ಬಂತು. ಅಮಾವಾಸ್ಯೆ ಹತ್ತಿರವಿದ್ದದ್ದರಿಂದ ಆ ಯೋಚನೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮರುದಿನವೇ ಬಿದಿರಿನ ಏಣಿ ಬಂತು. ಸಂಜೆ ಆಕೆ ಮೇಲೆ ಹೋದಳು. ಊರಾಚೆಯ ಬಯಲು, ಬೆಟ್ಟ, ಕೋಸಗಿಯ ಕಡೆಗೆ ಹೊರಟ ರೈಲಿನ ಹೊಗೆ, ಎಲ್ಲವನ್ನೂ ಅಲ್ಲಿಂದಲೇ ಕೂಗಿ ನನಗೆ ವರದಿ ಮಾಡಿದಳು. ಬೀದಿಯವರು ಒಂದು ವಾರ ಮಾತಾಡಿಕೊಂಡರು. ಎರಡನೇ ವಾರ ಅವರವರ ಮನೆಯ ಹೆಂಗಸರು ಅದೇ ಏಣಿಯನ್ನು ಕೇಳಿಕೊಂಡು ಬಂದರು. ಈ ನಡುವೆ ಅಮಾವಾಸ್ಯೆ ಕಳೆದು ಅಣ್ಣ ಬಂದ, ಉಂಡ, ಒಬ್ಬನೇ ಹೋದ.

ಮುಂದೆ ಚೊಚ್ಚಲ ಹೆರಿಗೆಗೆ ಗಂಗವ್ವ ತವರಿಗೆ ಹೋದಳು. ಹೋಗುವಾಗ, ಬೇಗ ಬಂದು ಕರಕೊಂಡು ಹೋಗ್ರಿ ಎಂದಳು. ಆ ಸಂಜೆ ಮನೆಯಲ್ಲಿ ಕೂರಲಾಗದೆ ನಾನೇ ಮೊದಲ ಸಲ ಏಣಿ ಹತ್ತಿದೆ. ರೈಲು ಹೋಯಿತು, ಹೊಗೆ ಕರಗಿತು, ಬರೀ ಬಯಲು ಉಳಿಯಿತು. ಕೆಳಗಿನಿಂದ ಪಕ್ಕದ ಮನೆಯ ಅಜ್ಜಿ ಕೇಳಿದಳು, “ಏನು ಕಾಣತೈತ್ರಿ ಮಾಸ್ತರೆ?”

“ಏನೂ ಇಲ್ಲಬೇ ಯವ್ವಾ” ಎಂದೆ. ಹಾಗೆಂದು ಕತ್ತಲಾಗುವವರೆಗೆ ಅದನ್ನೇ ನೋಡುತ್ತ ನಿಂತೆ.