ತೂಕಕ್ಕೆ ತಕ್ಕ ಮಾತ್ರೆ

ಹುಣಸೆಹಣ್ಣು ಮಾರಲು ಮಂಗಳೂರಿಗೆ ಹೋಗಿದ್ದವನು ಮಲೇರಿಯಾ ಹತ್ತಿಸಿಕೊಂಡು ಬಂಗಾರಪೇಟೆಗೆ ವಾಪಸ್ಸಾದೆ. ರಕ್ತ ಪರೀಕ್ಷೆಯಾದ ಮೇಲೆ ಆಸ್ಪತ್ರೆಯ ನರ್ಸಮ್ಮ ನನ್ನ ತೂಕ ಕೇಳಿದರು.

“ಎಪ್ಪತ್ತೆರಡು ಕೆಜಿ,” ಅಂದೆ.

“ಬಾಯಿಮಾತು ಬೇಡ ಯಜಮಾನ್ರೇ, ಇದರ ಮೇಲೆ ನಿಂತ್ಕಳಿ. ತೂಕ ನೋಡೇ ಮಾತ್ರೆ ಬರಿಯೋದು. ಕಮ್ಮಿಯಾದ್ರೆ ಜ್ವರ ತಿರುಗಿ ಬತ್ತೈತೆ, ಜಾಸ್ತಿಯಾದ್ರೆ ಮೈಗಾಗಲ್ಲ.”

ಮುಳ್ಳು ಐವತ್ತೊಂಬತ್ತಕ್ಕೆ ನಿಂತಿತು. ದಿನವೂ ಮೂಟೆ ತೂಗಿಸುವವನು ನಾನು. “ಈ ತಕ್ಕಡಿ ಸರಿಯಿಲ್ಲಮ್ಮ,” ಅಂದೆ. ಆಕೆ ಚಪ್ಪಲಿ ಬಿಟ್ಟು ತಾವೇ ನಿಂತು ನೋಡಿದರು.

“ನಂದಂತೂ ಒಂದು ಕೆಜಿನೂ ಕಮ್ಮಿ ತೋರಿಸ್ತಿಲ್ಲ. ನೀವೇ ಇಳಿದೋಗಿದ್ದೀರ. ಮನೇಲಿ ಯಾರೂ ನೋಡ್ಲಿಲ್ವಾ?”

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನೋಡುವವರಿಲ್ಲ. ಪ್ಯಾಂಟು ಸಡಿಲವಾದಾಗ ಬೆಲ್ಟಿಗೆ ಇನ್ನೊಂದು ತೂತು ಹಾಕಿಸಿದ್ದೆ, ಅಷ್ಟೇ.

ಡಾಕ್ಟರು ಐವತ್ತೊಂಬತ್ತರ ಲೆಕ್ಕಕ್ಕೇ ಮಾತ್ರೆ ಬರೆದರು. ನರ್ಸಮ್ಮ ವಿವರಿಸಿದರು: “ಎರಡು ವಾರ ಬಿಡದೆ ತಗೋಬೇಕು. ಮೂತ್ರ ಕರ್ರಗಾದ್ರೆ, ಕಣ್ಣು ಹಳದಿಯಾದ್ರೆ, ನಿಲ್ಲಿಸಿ ಓಡಿ ಬನ್ನಿ. ದಿನಾ ಯಾರಾದ್ರೂ ನಿಮ್ಮ ಕಣ್ಣು ನೋಡ್ತಿರಬೇಕು.”

“ಕನ್ನಡಿ ಐತಮ್ಮ.”

“ಎಚ್ಚರ ತಪ್ಪಿದ್ರೆ ಕನ್ನಡಿ ಆಸ್ಪತ್ರೆಗೆ ಕರ್ಕೊಂಡು ಬತ್ತದಾ? ದಿನಾ ಬೆಳಗ್ಗೆ ಬಂದು ನನ್ನೆದುರಿಗೇ ನುಂಗಿ.”

ದಿನವೂ ಹೋದೆ. ಆಕೆ ರೆಪ್ಪೆ ಎಳೆದು ಕಣ್ಣು ನೋಡಿ, ತಿಂಡಿ ಆಯಿತಾ ಎಂದು ಕೇಳಿ, ಮಾತ್ರೆ ನುಂಗಿಸಿ ಕಳಿಸುತ್ತಿದ್ದರು. ಕೊನೆಯ ಮಾತ್ರೆ ಇಳಿದ ಮೇಲೆ, “ನಾಳೆಯಿಂದ ಬರೋದು ಬೇಡ, ವಾಸಿಯಾಯ್ತು,” ಎಂದರು.

ಖುಷಿಪಡುವ ಸುದ್ದಿಯೇ. ಆದರೂ ಹೊರಡುವ ಮುಂಚೆ, ನೆಗಡಿಗೂ ಇಲ್ಲೇ ಮಾತ್ರೆ ಕೊಡುತ್ತಾರೆಯೇ ಎಂದು ವಿಚಾರಿಸಿಕೊಂಡು ಬಂದೆ.