ಕೆತ್ಸಿಯಾ ಕ್ಷಮಿಸಲಿಲ್ಲ

ನನ್ನ ಗೆಳತಿ ಕೆತ್ಸಿಯಾ ಸತ್ತದ್ದು ವಿಶ್ವಾಸ ಸಾಲದೆ ಎಂದು ಪಾಸ್ಟರ್ ಯೆರೆಮಿ ಅವಳ ಹೆಣದ ಮುಂದೆಯೇ ಸಾರಿದರು. ಗಂಟಲ ಗಡ್ಡೆಯಿಂದ ಎಂದಿದ್ದರೆ ಸಾಕಿತ್ತು. ಅಷ್ಟು ಸಣ್ಣ ಮಾತಾಡಲು ಜಕಾರ್ತಾದಿಂದ ನಮ್ಮ ಅಂಬೋನ್ ದ್ವೀಪಕ್ಕೆ ವಿಮಾನ ಹತ್ತಿ ಬರಬೇಕಾಗಿರಲಿಲ್ಲ, ನಿಜ.

ಸಾಗು ಮರದ ಹಿಟ್ಟಿನ ರೊಟ್ಟಿ ಸುಟ್ಟು ಮಾರುತ್ತಿದ್ದ ಅವಳು, ಪವಿತ್ರಾತ್ಮ ಮೈದುಂಬಿ, ಯಾರಿಗೂ ತಿಳಿಯದ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದರೆ ಸಭೆಯ ತಗಡಿನ ಚಾವಣಿ ನಡುಗುತ್ತಿತ್ತು. ಪಾಸ್ಟರ್ ಕೈಯಿಟ್ಟರೆ ಗಡ್ಡೆ ಕರಗುತ್ತದೆಂದು ನಂಬಿದ್ದಳು. ಉಳಿದದ್ದು ಅದೊಂದೇ ಆಸೆ.

ಪಾಸ್ಟರಿಗೆ ವೇದಿಕೆಯ ಮೇಲೆ ಮೊದಲು ಹಳೆಯ ಕ್ರೈಸ್ತ-ಮುಸ್ಲಿಂ ಗಲಭೆಯ ಸಂಧಾನ ಬೇಕಿತ್ತು: ಒಬ್ಬಳು ಕ್ರೈಸ್ತೆ, ಒಬ್ಬಳು ಮುಸ್ಲಿಂ, ಪಾದ ತೊಳೆಯುವುದು, ಕಣ್ಣೀರು, ಕ್ಯಾಮೆರಾ. ಸ್ವಸ್ಥತೆ ಆಮೇಲೆ. ಹುಡುಕಿ ಹುಡುಕಿ ಕೆತ್ಸಿಯಾಳ ಎದುರಿಗೆ ಕೂರಿಸಿದ್ದು ಕೊಲ್ಲಿಯಾಚೆಯ ಮುಸ್ಲಿಮರ ಊರಿನ ಹಾಲಿಜಾಳನ್ನು! ಆ ಊರಿಗೂ ನಮ್ಮೂರಿಗೂ ಅಜ್ಜಂದಿರ ಕಾಲದಿಂದ ಪೆಲಾ, ಆಣೆಯಿಟ್ಟ ಒಡಹುಟ್ಟು. ಅವರಲ್ಲಿ ಹೆಣ್ಣು ತರುವುದಿಲ್ಲ, ಅವರು ಕೇಳಿದ್ದಕ್ಕೆ ಇಲ್ಲ ಎನ್ನುವುದಿಲ್ಲ. ದೇವರ ಜೊತೆ ದಿನಾ ಮಾತಾಡುವ ಪಾಸ್ಟರ್ ನಮ್ಮನ್ನೊಂದು ಮಾತು ಕೇಳಲಿಲ್ಲ.

ಕೆತ್ಸಿಯಾ ಹಾಲಿಜಾಳ ಪಾದ ತೊಳೆದಳು. ಪಾಸ್ಟರ್ ಮೈಕು ಹಿಡಿದರು.

"ಇವರನ್ನ ಕ್ಷಮಿಸಿದೀನಿ ಅನ್ನಮ್ಮಾ. ಆಮೇಲೆ ಗಂಟಲ ಮೇಲೆ ಕೈ ಇಡ್ತೀನಿ."

"ಯಾವ ತಪ್ಪಿಗೆ, ಪಾಸ್ಟರ್? ಇವಳು ನನ್ನ ಬಾಣಲೆ ಒಯ್ದು ವಾಪಸ್ ಕೊಟ್ಟಿಲ್ಲ. ಅದಕ್ಕಾ?"

"ಅದರ ತಳ ತೂತು, ಊಸಿ," ಎಂದಳು ಹಾಲಿಜಾ. ಅಕ್ಕನನ್ನು ನಾವು ಕರೆಯುವುದೇ ಹಾಗೆ. "ತೂತು ಬಾಣಲೆ ಕೊಟ್ಟಿದ್ದಕ್ಕೆ ನೀನೇ ಕ್ಷಮೆ ಕೇಳು!"

ಜನ ಗೊಳ್ಳೆಂದರು. ಪಾಸ್ಟರ್ ಮುಖ ಕೆಂಪಾಯಿತು.

"ಗಲಭೆಯ ಕಹಿ ಒಳಗಿಟ್ಕೊಂಡ್ರೆ ದೇವರು ವಾಸಿಮಾಡಲ್ಲ!"

"ಆ ಗಲಭೇಲಿ ಇವಳಪ್ಪ ನಮ್ಮನ್ನ ದೋಣೀಲಿ ಬಲೆ ಕೆಳಗೆ ಮಲಗಿಸಿ ದಾಟಿಸಿದ. ಅದನ್ನ ಹೆಂಗೆ ಕ್ಷಮಿಸ್ಲಿ, ಹೇಳಿ?"

ಪಾಸ್ಟರ್ ಕೈಯನ್ನೇ ಅವಳು ನೋಡುತ್ತಿದ್ದುದನ್ನು ನಾನು ಕಂಡೆ. ಒಂದೇ ಒಂದು ಸುಳ್ಳು ಹೇಳಿದ್ದರೆ ಆ ಕೈ ಅವಳದಾಗುತ್ತಿತ್ತು. ಅವಳು ಹಾಲಿಜಾಳ ಪಾದ ಒರೆಸಿ, ಕೆಳಗಿಳಿದು ಬಂದಳು. ಕೈ ಸಾಲಿನಲ್ಲಿದ್ದ ಮುಂದಿನವರ ತಲೆಗೆ ಹೋಯಿತು.

"ದೇವರಿಗೆ ವಿಷಯ ಗೊತ್ತು ಬಿಡೇ," ಎಂದಳು ದಾರಿಯಲ್ಲಿ. ಆಮೇಲೂ ಒಂದು ಭಾನುವಾರ ತಪ್ಪಿಸಲಿಲ್ಲ. ಗಡ್ಡೆಯೂ ತಪ್ಪಿಸಲಿಲ್ಲ.

ಅವಳು ತೀರಿಕೊಂಡ ದಿನ, ಮತ್ತೆ ಊರಿಗೆ ಬಂದು ಶಿಬಿರ ನಡೆಸುತ್ತಿದ್ದ ಪಾಸ್ಟರ್ ಹೆಣದ ಮುಂದೆ ಕ್ಷಮಿಸದ ಹೃದಯದ ಬಗ್ಗೆ ಬೋಧಿಸುತ್ತಿದ್ದಾಗ, ಆಚೆಯೂರಿನ ಗಂಡಸರು ಯಾರೂ ಕರೆಯದೆ ಬಂದು ಗುಂಡಿ ತೋಡುತ್ತಿದ್ದರು. ಹಾಲಿಜಾ ಬೆಸುಗೆ ಹಾಕಿಸಿ ತಂದಿದ್ದ ಅದೇ ಬಾಣಲೆಯಲ್ಲಿ, ಅಳುತ್ತಾ, ಬಂದವರಿಗೆಲ್ಲ ಮೀನು ಹುರಿದಳು.

ಪಾಸ್ಟರ್ ಎರಡು ಸಲ ಬಡಿಸಿಕೊಂಡರು. ಹುರಿದವರು ಯಾರೆಂದು ಕೇಳಲಿಲ್ಲ.